ಗುಂಗುರಣ್ಣ ಕಲಕಿದ ಎಣ್ಣೆ

ಮಕ್ಕಳೇ, ಹೊಂಗೆ ಮರಗಳ ಕಾಡೊಂದರಲ್ಲಿ ಒಂದು ಕೊಳವಿತ್ತು. ಅದರ ದಡದಲ್ಲಿ ಗುಂಗುರಣ್ಣ ಎಂಬ ಕರಡಿಯೂ ಚೂಪಮ್ಮ ಎಂಬ ಮುಳ್ಳುಹಂದಿಯೂ ಅಕ್ಕಪಕ್ಕದಲ್ಲೇ ಇದ್ದರು. ಗುಂಗುರಣ್ಣ ಒಳ್ಳೆಯವನೇ. ಆದರೆ ತನ್ನ ತೋಳಿನ ಬಗ್ಗೆ ಅವನಿಗೆ ವಿಪರೀತ ಜಂಬ. ಬೇಸಿಗೆ ಬಂದರೆ ನೀರಿಗೆ ಜೇನು ಹಾಕಿ, ಕಲಕಿ, ಎಲ್ಲರಿಗೂ ಪಾನಕ ಹಂಚುತ್ತಿದ್ದ. ಯಾರಾದರೂ ಪಾನಕವನ್ನು ಹೊಗಳಿದರೆ ತೋಳು ಎತ್ತಿ ತೋರಿಸುತ್ತಿದ್ದ. ಈ ತೋಳು ಕಲಕಿದರೆ ಬೆರೆಯದ ವಸ್ತುವೇ ಇಲ್ಲ ಎನ್ನುತ್ತಿದ್ದ. ಕೇಳಿ ಕೇಳಿ ಕೊಳದ ಕಪ್ಪೆಗಳಿಗೂ ಆ ಮಾತು ಬಾಯಿಪಾಠವಾಗಿತ್ತು.

ಚೂಪಮ್ಮನದು ಮಾತು ಕಡಿಮೆ, ಕೆಲಸ ಹೆಚ್ಚು. ಹೊಂಗೆ ಬೀಜ ಆರಿಸಿ, ಜಜ್ಜಿ, ಹಿಂಡಿ, ಎಣ್ಣೆಯನ್ನು ಒಣಗಿದ ಸೋರೆಬುರುಡೆಯಲ್ಲಿ ತುಂಬಿಡುತ್ತಿದ್ದಳು. ಕಾಲು ಬಿರಿದವರಿಗೆಲ್ಲ ಅದೇ ಮದ್ದು. ಯಾರೂ ಕೊಳಕು ಕೈ ಅದ್ದದಿರಲೆಂದು ಬುರುಡೆಯ ತಳದಲ್ಲಿ ತೂತು ಕೊರೆದು ಬಿರಡೆ ಹಾಕಿದ್ದಳು. ಬಿರಡೆ ತೆಗೆದರೆ ಎಣ್ಣೆ ನೇರ ದೊನ್ನೆಗೆ ಬೀಳುತ್ತಿತ್ತು.

ಆ ವರ್ಷ ಬಿಸಿಲು ಜೋರು. ಕೊಳ ಬತ್ತತೊಡಗಿತು. ಮರುದಿನ ಬೆಳಗ್ಗೆ ಗುಡ್ಡ ಹತ್ತಿ ಆಚೆಯ ಹೊಳೆಗೆ ಹೋಗುವುದೆಂದು ಕಾಡೆಮ್ಮೆಗಳ ಹಿಂಡು ಒಂದು ದಿನ ತೀರ್ಮಾನಿಸಿತು. ಆದರೆ ಹಿಂಡಿನ ಹಿರಿಯಳಾದ ಬೆಳ್ಳಕ್ಕನ ನಾಲ್ಕೂ ಗೊರಸು ಬಿರಿದಿದ್ದವು. ಹೆಜ್ಜೆ ಇಟ್ಟರೆ ಜೀವ ಹೋದಂತಾಗುತ್ತಿತ್ತು. ಒಬ್ಬಳೇ ಹಿಂದೆ ಉಳಿದರೆ ಹುಲಿ ಬಿಡುತ್ತದೆಯೇ? ಪಾಪ, ಅವಳು ಚೂಪಮ್ಮನ ಎಣ್ಣೆಯನ್ನೇ ನಂಬಿದ್ದಳು.

ಬುರುಡೆಯಲ್ಲಿದ್ದದ್ದು ಎರಡು ಗೊರಸಿಗಾಗುವಷ್ಟು ಎಣ್ಣೆ. ಏನು ಮಾಡುವುದೆಂದು ಚೂಪಮ್ಮ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಗುಂಗುರಣ್ಣ ಬಂದ. ಇಷ್ಟಕ್ಕೆಲ್ಲ ಯೋಚನೆಯೇ ಎನ್ನುತ್ತ ಬುರುಡೆಗೆ ನೀರು ಸುರಿದೇಬಿಟ್ಟ. ಅವಳು ಬೇಡ ಬೇಡ ಎನ್ನುವಷ್ಟರಲ್ಲಿ ಕೋಲು ಹಾಕಿ ಗರಗರ ಕಲಕಿದ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಯಿತು.

"ನೋಡು ಚೂಪಮ್ಮ, ಒಂದಿದ್ದದ್ದು ಎರಡಾಯಿತು" ಎಂದು ಬೀಗುತ್ತ ಅವನು ಬೆಳ್ಳಕ್ಕನನ್ನು ಕರೆಯಲು ಹೋದ.

ಅವಳು ಕುಂಟಿಕೊಂಡು ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಗುಂಗುರಣ್ಣ ಠೀವಿಯಿಂದ ಬಿರಡೆ ತೆಗೆದ. ದೊನ್ನೆ ತುಂಬಿದೊಡನೆ ಮತ್ತೆ ಹಾಕಿದ. ಬೆಳ್ಳಕ್ಕ ಅದರಲ್ಲಿ ಗೊರಸು ಅದ್ದಿ, ಎತ್ತಿ ನೋಡಿದಳು.

"ಇದು ಬರೀ ನೀರಲ್ಲವೇ, ತಮ್ಮಾ?" ಎಂದಳು. ಅವಳ ಕಣ್ಣು ತುಂಬಿತ್ತು.

ಗುಂಗುರಣ್ಣ ಬುರುಡೆಯೊಳಗೆ ಇಣುಕಿ ನೋಡಿದ. ಎಣ್ಣೆಯೆಲ್ಲ ಮೇಲಕ್ಕೆ ಬಂದು ಹಾಯಾಗಿ ತೇಲುತ್ತಿತ್ತು. ಮತ್ತೆ ಕಲಕಿದ. ಎಣ್ಣೆ ಮತ್ತೆ ಮೇಲೆ ಬಂತು. ಹೆಗಲು ನೋಯುವ ತನಕ ಕಲಕಿದರೂ ಅದೇ ಕಥೆ. ಅವನಿಗೆ ನಾಚಿಕೆ, ಅದರ ಮೇಲೆ ಸಿಟ್ಟು. ಈ ಎಣ್ಣೆಯೇ ಕೆಟ್ಟಿದೆ, ಚೆಲ್ಲಿಬಿಡುತ್ತೇನೆ ಎಂದು ಬುರುಡೆ ಎತ್ತಿದ.

"ಕೆಳಗಿಡು" ಎಂದಳು ಚೂಪಮ್ಮ. "ಎಣ್ಣೆ ಕೆಟ್ಟಿಲ್ಲ. ಅದು ನೀರಿನ ಜೊತೆ ಬೆರೆಯುವ ಜಾತಿಯಲ್ಲ, ಅಷ್ಟೇ."

ಜೇನು ಬೆರೆಯಿತಲ್ಲ ಎಂದು ಅವನು ವಾದಕ್ಕೆ ನಿಂತ. ಚೂಪಮ್ಮ ತಾಳ್ಮೆಯಿಂದ ಹೇಳಿದಳು. ನೀರಿನ ಕಣಗಳು ಒಂದರ ಕೈ ಒಂದು ಹಿಡಿದುಕೊಂಡಿರುತ್ತವಂತೆ. ಜೇನು ಕೈ ಚಾಚುತ್ತದೆ, ನೀರು ಹಿಡಿದುಕೊಳ್ಳುತ್ತದೆ. ಎಣ್ಣೆಗೆ ಚಾಚಲು ಕೈಯೇ ಇಲ್ಲ. ಹಾಗಾಗಿ ನೀರು ಅದನ್ನು ಹೊರಗಿಟ್ಟು ತನ್ನವರ ಕೈಯನ್ನೇ ಹಿಡಿಯುತ್ತದೆ. ಕಲಕುವ ತೋಳು ಬೆರೆಯುವುದನ್ನು ಬೇಗ ಬೆರೆಸೀತು, ಬೆರೆಯದ್ದನ್ನು ಬೆರೆಸಲಾರದು.

ಇಷ್ಟು ವರ್ಷದ ಹೊಗಳಿಕೆ ತೋಳಿಗಲ್ಲ, ಜೇನಿಗೆ ಸಲ್ಲಬೇಕಿತ್ತೆಂದು ಗುಂಗುರಣ್ಣನಿಗೆ ಈಗ ಗೊತ್ತಾಯಿತು. ಅವನ ಮುಖ ಸಣ್ಣದಾಯಿತು.

"ಹಾಗಾದರೆ ಎಣ್ಣೆಗೆ ಯಾವುದು ಬೆರೆಯುತ್ತದೆ?"

"ಎಣ್ಣೆಗೆ ಎಣ್ಣೆಯೇ."

ಗುಂಗುರಣ್ಣ ತಲೆ ಕೆರೆದುಕೊಂಡ. ಆಮೇಲೆ ಗುಹೆಗೆ ಹೋಗಿ ಒಂದು ಕರಟ ಹಿಡಿದು ಬಂದ. ತುಪ್ಪಳ ಮಿರಮಿರ ಮಿಂಚಲೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹಿಪ್ಪೆ ಎಣ್ಣೆ ಅದು. ಚೂಪಮ್ಮ ಬಿರಡೆ ತೆಗೆದು ನೀರನ್ನೆಲ್ಲ ಹರಿಯಬಿಟ್ಟಳು. ಎಣ್ಣೆ ಇಣುಕುತ್ತಲೇ ಬಿರಡೆ ಹಾಕಿದಳು. ಹಿಪ್ಪೆ ಎಣ್ಣೆ ಸುರಿದು ಕೋಲಿನಿಂದ ಎರಡು ಸುತ್ತು ತಿರುಗಿಸಿದ್ದೇ ತಡ, ಎರಡೂ ಒಂದಾದವು.

ಈಗ ಹಚ್ಚುವವರು ಯಾರು? ಚೂಪಮ್ಮ ಹತ್ತಿರ ಹೋದರೆ ಮುಳ್ಳು ಚುಚ್ಚುತ್ತದೆ. ಗುಂಗುರಣ್ಣ ನೆಲದ ಮೇಲೆ ಕೂತ. ಬೆಳ್ಳಕ್ಕನ ನಾಲ್ಕೂ ಗೊರಸುಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು, ಬಿರುಕಿನ ಆಳಕ್ಕೆ ಇಳಿಯುವಂತೆ ಎಣ್ಣೆ ತಿಕ್ಕಿದ.

ಬೆಳಗ್ಗೆ ಬೆಳ್ಳಕ್ಕ ಎದ್ದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ನೋವು ಬಹಳ ಇಳಿದಿತ್ತು. ಹಿಂಡಿನ ಜೊತೆ ಹೊರಡುವ ಮುನ್ನ ಅವಳು ಹಿಂತಿರುಗಿ, "ನಿನ್ನ ತೋಳು ದೊಡ್ಡದು, ತಮ್ಮಾ" ಎಂದಳು.

ಗುಂಗುರಣ್ಣ ತೋಳು ಎತ್ತಲಿಲ್ಲ. ಗುಡ್ಡ ಹತ್ತುತ್ತಿದ್ದ ಅವಳ ಕಾಲುಗಳನ್ನೇ ಸಂತೋಷದಿಂದ ನೋಡುತ್ತ ನಿಂತ.

ನೀತಿ: ಒಂದರ ಗುಣಕ್ಕೆ ಇನ್ನೊಂದರ ಗುಣ ಹೊಂದಿದರೆ ಮಾತ್ರ ವಸ್ತುಗಳು ಬೆರೆಯುತ್ತವೆ, ಹೊಂದದ್ದನ್ನು ಬಲದಿಂದ ಬೆರೆಸಲಾಗದು.