ಕಾಗೆಗೆ ನೆನಪಾದ ಮುತ್ತಜ್ಜ

ಐರ್ಲೆಂಡಿನ ತೋಳಗಳಲ್ಲಿ ನಾಯಕ ಬದುಕಿರುವಾಗಲೇ ಕುಲದವರೆಲ್ಲ ಸೇರಿ, ಒಬ್ಬನೇ ಮುತ್ತಜ್ಜನ ಸಂತಾನದಿಂದ ಮುಂದಿನ ನಾಯಕನನ್ನು ಆರಿಸುತ್ತಿದ್ದರು. ವಂಶಾವಳಿ ಹೇಳುವುದು ಕಾಗೆಯ ಕೆಲಸ.

ಹಾಗೆ ಆರಿಸುವ ದಿನ ಬೆಳಿಗ್ಗೆ ನಾಯಕನ ಮಗ ಎದೆಯುಬ್ಬಿಸಿ ನಿಂತ. ನಾಯಕನ ಎಂಜಲು ತಿಂದೇ ಕೊಬ್ಬಿದ್ದ ಕಾಗೆ ಅವನನ್ನು ಹೊಗಳತೊಡಗಿತು.

“ಇವನು ಏನು ಬೇಟೆಯಾಡಿದ್ದಾನೆ?” ಎಂದು ಮುದಿ ತೋಳವೊಂದು ಕೇಳಿತು.

“ಇವನ ಮುತ್ತಜ್ಜ ಒಂಟಿಯಾಗಿ ಕರಡಿಯನ್ನೇ ಕೊಂದಿದ್ದ!”

ಮರಿಗಳು ಹಸಿವಿನಿಂದ ಅಳುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ನಾಯಕನ ತಮ್ಮನ ಮಗ ಜಿಂಕೆಯೊಂದನ್ನು ಎಳೆದು ತಂದು ಎಲ್ಲರ ಮುಂದೆ ಹಾಕಿದ. ಕುಲವೆಲ್ಲ ಅವನತ್ತ ತಿರುಗಿತು. ಕಾಗೆಯೂ ಕೊಂಬೆಯಿಂದಿಳಿದು ಒಂದು ತುಂಡು ನುಂಗಿತು.

“ಈಗ ನೆನಪಾಯಿತು,” ಎಂದಿತು. “ಕರಡಿ ಕೊಂದವನು ಇವನಿಗೂ ಮುತ್ತಜ್ಜನೇ!”

“ಬೆಳಿಗ್ಗೆಯೂ ಇವನಿಗೆ ಮುತ್ತಜ್ಜನೇ ಆಗಿದ್ದ,” ಎಂದಿತು ಮುದಿ ತೋಳ. “ಜಿಂಕೆ ಮಾತ್ರ ಬಂದಿರಲಿಲ್ಲ.”