ಅಂತರಪಟ ಸರಿಯುವ ಮೊದಲು

ನದೀತೀರದಲ್ಲೊಂದು ಹೆಂಚಿನ ಮನೆ. ಶಿಷ್ಯರು ಅದನ್ನು ಆಶ್ರಮ ಅನ್ನುತ್ತಿದ್ದರು. ಅಲ್ಲಿದ್ದ ಸಿದ್ದಲಿಂಗಪ್ಪ ಮೇಷ್ಟ್ರು ಮಾತ್ರ ಭೌತಶಾಸ್ತ್ರ ಬಿಟ್ಟು ಬೇರೆ ಮಂತ್ರ ಹೇಳಿಕೊಟ್ಟವರಲ್ಲ.

ಅವರ ಶಿಷ್ಯೆ ನೀಲಾಂಬಿಕೆ ಹುಡುಕುತ್ತಿದ್ದದ್ದು ಇದುವರೆಗೆ ಯಾರೂ ಕಾಣದ, ಇದೆಯೋ ಇಲ್ಲವೋ ಗೊತ್ತಿಲ್ಲದ ಒಂದು ಕಣವನ್ನು. ದೂರದೇಶದ ಯಂತ್ರದಲ್ಲಿ ಪ್ರೋಟಾನುಗಳು ಡಿಕ್ಕಿ ಹೊಡೆದು ಚೂರಾಗುತ್ತವೆ. ಆ ಚೂರುಗಳ ಲೆಕ್ಕವನ್ನು ಜರಡಿ ಹಿಡಿದರೆ, ಕಣ ಇದ್ದ ಕಡೆ ಗ್ರಾಫಿನ ಗೆರೆ ಉಬ್ಬುತ್ತದೆ. ಇಲ್ಲವಾದರೆ ನುಣ್ಣಗಿರುತ್ತದೆ.

ಜರಡಿಯ ಕಣ್ಣು ಎಷ್ಟಿರಬೇಕೆಂದು ತೀರ್ಮಾನವಾಗುವವರೆಗೆ, ಉಬ್ಬು ಬರಬಹುದಾದ ಜಾಗವನ್ನು ಮುಚ್ಚಿಡಬೇಕು. ಯಾರೂ ನೋಡಕೂಡದು. ಮೇಷ್ಟ್ರು ಅದಕ್ಕೆ ಅಂತರಪಟ ಅನ್ನುತ್ತಿದ್ದರು. ಮದುವೆಯಲ್ಲಿ ಗಂಡು ಹೆಣ್ಣಿನ ನಡುವೆ ಹಿಡಿಯುತ್ತಾರಲ್ಲ, ಅದೇ. ಮುಹೂರ್ತಕ್ಕೆ ಮುಂಚೆ ಸರಿಸುವ ಹಾಗಿಲ್ಲ.

ಮುಹೂರ್ತ ಮರುದಿನ ಬೆಳಿಗ್ಗೆಗೆ, ತಂಡದವರೆಲ್ಲರ ಎದುರು. ಇನ್ನೊಂದು ತಂಡವೂ ಅದೇ ಕಣದ ಬೆನ್ನು ಹತ್ತಿತ್ತು.

ನೀಲಾ ನದಿಯ ಮೆಟ್ಟಿಲಿಳಿದು ಬಂದಾಗ ಮೇಷ್ಟ್ರು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದರು.

“ಸರ್, ನಾಳೆ ಖಂಡಿತ ಸಿಗುತ್ತೆ.”

“ಖಂಡಿತ ಅಂತ ಹೇಗಮ್ಮಾ ಗೊತ್ತು?”

“ಮನಸ್ಸು ಹೇಳ್ತಿದೆ.”

ಮೇಷ್ಟ್ರು ಒದ್ದೆ ಟವೆಲನ್ನು ಬಿಡಿಸಿ, ಎರಡೂ ಕೈಯಲ್ಲಿ ಇಬ್ಬರ ನಡುವೆ ಅಡ್ಡ ಹಿಡಿದರು. ಅವರ ಮುಖ ಮರೆಯಾಯಿತು.

“ಈ ಕಡೆ ಯಾರಿದ್ದಾರೆ?”

“ನೀವು.”

“ನಾನು ಕಾಣ್ತಿದೀನಾ?”

“ಇಲ್ಲ. ಆಗ್ಲೇ ನೋಡಿದ್ನಲ್ಲ ಸರ್.”

“ಮತ್ತೆ ಈ ಟವೆಲ್ ಯಾಕೆ ಹಿಡ್ಕೊಂಡಿದೀನಿ?”

ಟವೆಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ಕೈ ಇಳಿಸಲಿಲ್ಲ. ಅವರ ಮುಖ ಕಾಣದಿದ್ದುದೇ ಒಳ್ಳೆಯದಾಯಿತು, ಕಂಡಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ.

“ಮುಚ್ಚಿಟ್ಟ ಜಾಗದೊಳಗೆ ಇಣುಕಿದೆ ಸರ್. ಸಣ್ಣದೊಂದು ಉಬ್ಬಿತ್ತು. ಅದು ಎದ್ದು ಕಾಣೋವರೆಗೂ ಜರಡಿ ಕಣ್ಣು ಬದಲಾಯಿಸ್ತಾ ಹೋದೆ.”

ಟವೆಲ್ ಇಳಿಯಿತು.

“ಈಗ ಏನ್ಮಾಡ್ತೀಯ?”

“ಹೇಳಿದ್ರೆ ಇನ್ನು ನನ್ನ ಯಾರೂ ನಂಬಲ್ಲ. ಆ ತಂಡದವರು ಮುಂದೆ ಹೋಗಿಬಿಡ್ತಾರೆ.”

“ನಾನು ಕೇಳಿದ್ದು ಅದಲ್ಲ.”

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ತಂಡದ ಮುಖ್ಯಸ್ಥೆಗೆ ಫೋನ್ ಮಾಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾಳಿನ ಸಭೆ ಇಲ್ಲ ಎಂದರು ಮುಖ್ಯಸ್ಥೆ. ಹೊಸ ಡಿಕ್ಕಿಗಳ ಲೆಕ್ಕ ಬಂದಿದೆ, ಅದನ್ನಿನ್ನೂ ಯಾರೂ ಮುಟ್ಟಿಲ್ಲ, ನಿನ್ನ ಜರಡಿಯನ್ನು ಕೂದಲಷ್ಟೂ ಬದಲಿಸದೆ ಅದಕ್ಕೆ ಹಿಡಿ, ಉಬ್ಬು ನಿಜವಾದರೆ ಅಲ್ಲೂ ಬರುತ್ತದೆ ಎಂದರು.

ಲೆಕ್ಕ ಜರಡಿಯಿಂದ ಇಳಿಯುವಷ್ಟರಲ್ಲಿ ಸಂಜೆಯಾಯಿತು. ನೀಲಾ ಊಟ ಮುಟ್ಟಿರಲಿಲ್ಲ. ಕಂಪ್ಯೂಟರಿನಲ್ಲಿ ಮುಚ್ಚಿದ ಜಾಗ ತೆರೆಯುವ ಗುಂಡಿಯ ಮೇಲೆ ಬೆರಳಿಟ್ಟು ತಡೆದಳು. ಕಣ ಇರಲಿ, ಇರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಹಾಗೆ ಬೇಡುತ್ತಿರುವುದಕ್ಕೆ ನಾಚಿಕೆಯೂ ಆಯಿತು.

“ನೀವೇ ಒತ್ತಿ ಸರ್.”

“ಇಣುಕೋವಾಗ ನನ್ನ ಕರೆದಿದ್ಯಾ?”

ಒತ್ತಿದಳು.

ಗೆರೆ ಈ ತುದಿಯಿಂದ ಆ ತುದಿಯವರೆಗೆ ನುಣ್ಣಗಿತ್ತು. ಅವಳು ಎರಡೆರಡು ಸಲ ನೋಡಿದಳು.

“ಏನೂ ಕಾಣಲಿಲ್ಲ ಸರ್.”

ಮೇಷ್ಟ್ರು ಮುಚ್ಚಿಟ್ಟಿದ್ದ ಊಟದ ತಟ್ಟೆಯನ್ನು ತಂದು ಅವಳ ಮುಂದಿಟ್ಟರು.

“ಇಲ್ಲ ಅನ್ನೋದು ಕಾಣಿಸ್ತಲ್ಲಮ್ಮಾ.”