ಬೆಳ್ಳಿ ಪದಕದಲ್ಲಿ ಅಧ್ಯಕ್ಷರ ಮುಖ

ಪುರಸಭೆಗೆ ನೂರು ವರ್ಷ ತುಂಬಿತ್ತು. ಅದರ ನೆನಪಿಗೆ ಬೆಳ್ಳಿ ಪದಕ ಮಾಡುವ ಕೆಲಸ ಅಕ್ಕಸಾಲಿಗ ಮೌನೇಶನಿಗೆ ಬಂತು. ಊರಿಗೆ ನೀರು ಕೊಡುವ ಕೆರೆಯನ್ನು ಅವನು ಚೆಂದವಾಗಿ ಕೆತ್ತಿದ. ಕೆಳಗೆ ‘ಸ್ಮರಣಾರ್ಥ, ೧೯೨೫–೨೦೨೫’ ಎಂದು ಬರೆದ.

ಅಧ್ಯಕ್ಷ ಗುರುಬಸಪ್ಪನವರು ನೋಡಿ ಸಿಡುಕಿದರು. “ಕೆರಿ ಯಾರಿಗೆ ಬೇಕೋ? ಅದನ್ನ ತಗದು ನನ್ನ ಮುಖ ಹಾಕು. ಉಳಿದದ್ದು ಒಂದಕ್ಷರಾನೂ ಬದಲಾಗಬಾರದು. ಇಲ್ಲಾಂದ್ರ ನಿನ್ನ ಅಂಗಡಿ ಲೈಸೆನ್ಸ್ ರದ್ದು!”

“ಒಂದಕ್ಷರಾನೂ ಬದಲಾಗಂಗಿಲ್ರಿ” ಎಂದ ಮೌನೇಶ.

ಹೊಸ ಪದಕವನ್ನು ಅವನೇ ಸಭೆಗೆ ತಂದ. ಅಧ್ಯಕ್ಷರು ಇನ್ನೂ ಬಂದಿರಲಿಲ್ಲ. ಸದಸ್ಯರು ಪೆಟ್ಟಿಗೆ ತೆರೆದು ದಂಗಾದರು. ಮೇಲೆ ಅಧ್ಯಕ್ಷರ ಮುಖ, ಕೆಳಗೆ ‘ಸ್ಮರಣಾರ್ಥ’, ಎರಡು ಇಸವಿ.

“ಅಯ್ಯೋ, ನಿನ್ನೆ ಸಂಜಿಮುಂದ ಚಾ ಕುಡ್ಯಾಕತ್ತಿದ್ರಲ್ಲ!” ಎಂದು ಹಿರಿಯ ಸದಸ್ಯೆ ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡರು. ಎಲ್ಲರೂ ಎದ್ದು ಮೌನವಾಗಿ ನಿಂತರು.

ಅಷ್ಟರಲ್ಲಿ ಅಧ್ಯಕ್ಷರೇ ಒಳಗೆ ಬಂದರು. “ಯಾರು ಹೋದ್ರು?” ಎಂದರು ಗಾಬರಿಯಿಂದ.

ನೀಲವ್ವ ಚೀರಿದರು. ಪದಕವನ್ನು ಅವರತ್ತ ಚಾಚಿದರು. ಅದನ್ನು ಓದಿದ ಅಧ್ಯಕ್ಷರ ಮುಖ ಬಿಳಿಚಿಕೊಂಡಿತು.

ಮೌನೇಶ ಕೈಮುಗಿದು ಕೇಳಿದ: “ಕೆಳಗ ನಿಮ್ಮ ಹೆಸರೂ ಹಾಕ್ಲೇನ್ರಿ?”

“ಬ್ಯಾಡೋ ಮಾರಾಯಾ! ಕೆರೀನ ಹಾಕು!”